ಪಕ್ಕದ ಕುರ್ಚಿಯಲ್ಲೂ ನಾನೇ

ನೀವು ಯಾರು ಅಂತ ನನ್ನನ್ನು ನೆಟ್ಟಗೆ ಕೇಳಿದ್ದು ಒಂದು ಕಂಪ್ಯೂಟರ್ ಮಾತ್ರ. ಅದೂ "ದಯವಿಟ್ಟು" ಹಚ್ಚಿ ಕೇಳಿತು. ಮನೆಯಲ್ಲಿ ಯಾರೂ ಹೀಗೆ ಕೇಳುವುದಿಲ್ಲ. ಮನೆಯಲ್ಲಿ ಕೇಳುವುದು "ಚಾ ಆತೇನು" ಅಂತ.

ಬೆಟಗೇರಿಯಲ್ಲಿ ನೂಲಿನ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ನಮ್ಮ ಆಫೀಸು. ಆಫೀಸು ಎಂದರೆ ಎರಡು ಖೋಲಿ, ನಾಲ್ಕೈದು ಕಂಪ್ಯೂಟರ್, ಒಂದು ಬ್ಯಾಟರಿ, ಮತ್ತು ಆ ಬ್ಯಾಟರಿ ಯಾವಾಗ ಕೈಕೊಡುತ್ತದೋ ಎಂದು ಸದಾ ಚಿಂತಿಸುವ ನಾನು. ಚಿಂತೆ ಮಾಡಲು ನನಗೆ ಪಗಾರ ಇಲ್ಲ, ಪುಕ್ಕಟೆ ಮಾಡುತ್ತೇನೆ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ದಲಾಲಿ ಅಂಗಡಿಗಳಲ್ಲಿ ಶೇಂಗಾ, ಹತ್ತಿ, ಒಣಮೆಣಸಿನಕಾಯಿ ತೂಗಿ ಚೀಟಿ ಕೊಡುತ್ತಾರಲ್ಲ, ಆ ತೂಕದ ಪ್ರೋಗ್ರಾಮ್ ಬರೆಯುವವರು ನಾವು. ಮಕ್ಕಳು ಹೈಸ್ಕೂಲಿಗೆ ಹೋಗತೊಡಗಿದ ಮೇಲೆ ನಾನು ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ನನ್ನ ಅರ್ಧ ವಯಸ್ಸಿನವರ ಜೊತೆ ಬೆಂಚಿನ ಮೇಲೆ ಕೂತು, ಅವರ ನಗೆ ನನ್ನ ಬಗ್ಗೆಯೇ ಇರಬಹುದೆಂದು ದಿನಾ ಸಂಶಯಪಟ್ಟು, ಕಲಿತು, ಇಲ್ಲಿಗೆ ಬಂದೆ.

ಬಂದ ಹೊಸದರಲ್ಲಿ, ನಾನು ಬರೆದ ಮೊದಲ ತುಣುಕನ್ನು ಒಪ್ಪಿಸಲು ಹೋದಾಗ ಕಂಪ್ಯೂಟರ್ ನನ್ನನ್ನು ಬಾಗಿಲಲ್ಲೇ ತಡೆಯಿತು. ಪ್ರೋಗ್ರಾಮನ್ನು ಯಾರೂ ಒಂದೇ ಪಟ್ಟಿಗೆ ಬರೆಯುವುದಿಲ್ಲ. ದಿನಾ ಅಷ್ಟು ಸೇರಿಸುತ್ತಾರೆ, ಇಷ್ಟು ಅಳಿಸುತ್ತಾರೆ, ಕೆಡಿಸುತ್ತಾರೆ, ಮತ್ತೆ ಸರಿ ಮಾಡುತ್ತಾರೆ. ಇದನ್ನೆಲ್ಲ ನೆನಪಿಟ್ಟುಕೊಳ್ಳಲು ಒಂದು ವ್ಯವಸ್ಥೆ ಇದೆ. ವರ್ಷನ್ ಕಂಟ್ರೋಲ್ ಎಂದು ಕರೆಯುತ್ತಾರೆ, ನಮ್ಮ ಆಫೀಸಿನಲ್ಲಿ ಮಾತ್ರ ಅದು ಬರೀ "ಹಿಸ್ಟರಿ". ಪ್ರತಿಯೊಂದು ಬದಲಾವಣೆ ಏನು, ಯಾವಾಗ ಆಯಿತು, ಯಾಕೆ ಆಯಿತು, ಯಾರು ಮಾಡಿದರು ಎಂಬುದನ್ನು ಅದು ಬರೆದಿಟ್ಟುಕೊಳ್ಳುತ್ತದೆ. ನೀವು ಯಾರೆಂದು ಹೇಳುವ ತನಕ ನಿಮ್ಮ ಕೆಲಸವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೇಳಿದಿರೋ, ಎರಡನೆಯ ಮಾತಿಲ್ಲದೆ ನಂಬುತ್ತದೆ. ಆಧಾರ್ ಕಾರ್ಡು ಕೇಳುವುದಿಲ್ಲ, ಜೆರಾಕ್ಸ್ ಕೇಳುವುದಿಲ್ಲ. ನಾನು ಈ ದೇಶದ ರಾಷ್ಟ್ರಪತಿ ಎಂದು ಟೈಪ್ ಮಾಡಿದ್ದರೂ ಸರಿ ಅನ್ನುತ್ತಿತ್ತು.

ನಾನು ಟೈಪ್ ಮಾಡಿದ್ದು ನನ್ನ ಹೆಸರನ್ನೇ. ಮಾಡಿದ ಮೇಲೆ ಪರದೆ ನೋಡಿದೆ. ಅದು ನನ್ನ ಮುಂಡರಗಿಯ ಹೆಸರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಹುಡುಗಿಯ ಹೆಸರು ಬದಲಿಸುತ್ತಾರೆ. ತಟ್ಟೆಯಲ್ಲಿ ಅಕ್ಕಿ ಹರವಿ, ಗಂಡಿನ ಕೈಗೆ ಉಂಗುರ ಕೊಟ್ಟು, ಅಕ್ಕಿಯ ಮೇಲೆ ಹೊಸ ಹೆಸರು ಬರೆಸುತ್ತಾರೆ. ನನ್ನ ತವರು ಮುಂಡರಗಿಯಲ್ಲಿ ನನಗೆ ಇಟ್ಟಿದ್ದ ಹೆಸರೇ ನನ್ನ ಗಂಡನ ಸೋದರತ್ತೆಗೂ ಇತ್ತು. "ಒಂದ ಮನ್ಯಾಗ ಒಂದ ಹೆಸರಿನವರು ಇಬ್ಬರು ಬ್ಯಾಡ" ಎಂದು ಹಿರಿಯರು ತೀರ್ಮಾನಿಸಿದರು. ಆ ಸೋದರತ್ತೆ ಇದ್ದದ್ದು ಕುರ್ತಕೋಟಿಯಲ್ಲಿ, ನಮ್ಮ ಮನೆಗೆ ಬರುತ್ತಿದ್ದದ್ದು ವರ್ಷಕ್ಕೊಮ್ಮೆ. ಆದರೂ ಆಕೆಗೆ ತೊಂದರೆ ಆಗಬಾರದಲ್ಲ, ಅದಕ್ಕೆ ನಾನು ಬದಲಾದೆ. ತಟ್ಟೆ ಗಂಡನ ಕಡೆ ಮುಖ ಮಾಡಿತ್ತು, ಹಾಗಾಗಿ ನನ್ನ ಹೊಸ ಹೆಸರನ್ನು ನಾನು ಮೊದಲು ಓದಿದ್ದು ತಲೆಕೆಳಗಾಗಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ಆ ಅಕ್ಕಿಯನ್ನು ತಿರುಗಿ ಚೀಲಕ್ಕೆ ಸುರಿದರು. ಹೆಸರು ನನ್ನ ಮೇಲೆ ಉಳಿಯಿತು.

ಆಮೇಲೆ ರೇಶನ್ ಕಾರ್ಡು, ಆಧಾರ್, ಬ್ಯಾಂಕು, ಮಕ್ಕಳ ಶಾಲೆ, ಎಲ್ಲ ಕಡೆ ಅಕ್ಕಿಯ ಹೆಸರೇ. ಮುಂಡರಗಿಯ ಹೆಸರು ಉಳಿದದ್ದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮತ್ತು ಅವ್ವನ ಬಾಯಲ್ಲಿ. ಅವ್ವ ತೀರಿಕೊಂಡ ಮೇಲೆ ಅಂಕಪಟ್ಟಿಯಲ್ಲಿ ಮಾತ್ರ.

ಹಾಗಿದ್ದೂ ಆ ದಿನ ನನ್ನ ಬೆರಳುಗಳು ಅದನ್ನೇ ಯಾಕೆ ಹುಡುಕಿಕೊಂಡು ಹೋದವೋ. ಕ್ಲಾಸಿನಲ್ಲಿ ಅಂಕಪಟ್ಟಿ ನೋಡಿ ಹಾಜರಿ ಕರೆಯುತ್ತಿದ್ದರು, ಅದರ ರೂಢಿ ಇದ್ದೀತು ಎಂದು ಸಮಾಧಾನ ಮಾಡಿಕೊಂಡೆ. ಇದೇನಾದರೂ ಗುನ್ಹೆಯೋ, ನಾಳೆ ಯಾರಾದರೂ ಬಂದು ಹಿಡಿಯುತ್ತಾರೋ ಎಂಬ ಚಿಂತೆಯೂ ಆಯಿತು. ಯಾರೂ ಬರಲಿಲ್ಲ. ಮರುದಿನವೂ ಅದೇ ಹೆಸರಿನಲ್ಲಿ ಕೆಲಸ ಒಪ್ಪಿಸಿದೆ. ಆಮೇಲೆ ಕೆಲವು ವರ್ಷ ಹಾಗೇ ನಡೆಯಿತು. ಅಕ್ಕಿಯ ಹೆಸರಿನಾಕೆ ಮನೆಯಲ್ಲಿ ರೊಟ್ಟಿ ಬಡಿದು, ಡಬ್ಬಿ ಕಟ್ಟಿಕೊಂಡು ಬರುತ್ತಿದ್ದಳು. ಮುಂಡರಗಿಯಾಕೆ ಕುರ್ಚಿಯ ಮೇಲೆ ಕೂತು ಪ್ರೋಗ್ರಾಮ್ ಬರೆಯುತ್ತಿದ್ದಳು. ಇಬ್ಬರ ನಡುವೆ ಜಗಳ ಇರಲಿಲ್ಲ.

ನಾನು ಈ ತನಕ ಮಾಡಿದ ಒಳ್ಳೆಯ ಕೆಲಸ ಎಂದು ಒಂದಿದ್ದರೆ ಅದು ಆ ವರ್ಷಗಳದ್ದು. ತೂಕ ನಡೆದಿರುವಾಗ ಕರೆಂಟ್ ಹೋದರೆ ಅದುವರೆಗೆ ತೂಗಿದ ಚೀಲಗಳ ಲೆಕ್ಕವೆಲ್ಲ ಹಾರಿಹೋಗುತ್ತಿತ್ತು. ಚೀಲಗಳನ್ನು ಮತ್ತೆ ತೂಕದ ಕಾಟಾದ ಮೇಲೆ ಏರಿಸಬೇಕು. ಹಮಾಲರು ಬೈಯಬೇಕು, ರೈತರು ಬೈಯಬೇಕು, ದಲಾಲರು ಫೋನ್ ಮಾಡಿ ನಮ್ಮನ್ನು ಬೈಯಬೇಕು. ನಾನು ಕೂತು, ಒಂದೊಂದು ಚೀಲ ಕಾಟಾದಿಂದ ಇಳಿದ ಕೂಡಲೇ ಅದರ ತೂಕ ಭದ್ರವಾಗಿ ಒಳಗೆ ಸೇರುವ ಹಾಗೆ ಮಾಡಿದೆ. ಯಾವ ಗಳಿಗೆಯಲ್ಲಿ ಕರೆಂಟ್ ಹೋದರೂ, ಬಂದ ಮೇಲೆ ಬಿಟ್ಟಲ್ಲಿಂದ ಮುಂದೆ ಹಿಡಿಯಬಹುದು. ಜಾಣರಿಗೆ ಹೊಳೆಯುವ ಕೆಲಸ ಅಲ್ಲ ಅದು. ಈಗ ಕೆಡುತ್ತದೆ, ಇನ್ನೊಂದು ಗಳಿಗೆಗೆ ಕೆಡುತ್ತದೆ ಎಂದು ಕಾಯುತ್ತ ಕೂಡುವವರಿಗೆ ಹೊಳೆಯುವ ಕೆಲಸ.

ಆಮೇಲೆ ನನ್ನ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಆಫೀಸಿನ ಮಾಲಕರು ಎಲ್ಲರಿಗೂ ಹೊಸದು ತಂದರು. ಅವರ ಅಳಿಯ ಆಗಷ್ಟೇ ಆಫೀಸಿಗೆ ಸೇರಿದ್ದ. ಕಂಪ್ಯೂಟರ್ ಓದಿದವ, ಚುರುಕು, ಎಲ್ಲವೂ ನೀಟಾಗಿ ಇರಬೇಕು ಅನ್ನುವವ. ಪಗಾರದ ಪಟ್ಟಿ ಮುಂದಿಟ್ಟುಕೊಂಡು ಎಲ್ಲರ ಹೊಸ ಮಷೀನಿಗೂ ಅವರವರ ಹೆಸರು ತುಂಬಿದ. ನನ್ನದಕ್ಕೆ ಅಕ್ಕಿಯ ಹೆಸರು ಬಿತ್ತು. ನನಗೆ ಗೊತ್ತಾಗುವ ಹೊತ್ತಿಗೆ ಸುಮಾರು ಕೆಲಸ ಅದರಲ್ಲೇ ಸೇರಿಹೋಗಿತ್ತು. ಹೇಳಬೇಕೆಂದರೆ ಅಕ್ಕಿ, ಉಂಗುರ, ಸೋದರತ್ತೆ ಎಲ್ಲ ಹೇಳಬೇಕು. ಸುಮ್ಮನಾದೆ. ಹಿಸ್ಟರಿ ಓದಿದವರಿಗೆ ಒಬ್ಬಾಕೆ ಕೆಲಸ ಬಿಟ್ಟು ಹೋಗಿ, ಮರುದಿನವೇ ಇನ್ನೊಬ್ಬಾಕೆ ಸೇರಿದಂತೆ ಕಾಣುತ್ತಿತ್ತು.

ಹೋದ ವರ್ಷ ಲಕ್ಷ್ಮೇಶ್ವರದ ದಲಾಲರ ಸಂಘದವರಿಗೆ ಏನನ್ನಿಸಿತೋ, ತೂಕದ ಪ್ರೋಗ್ರಾಮ್ ಬರೆದವರಿಗೆ ಸನ್ಮಾನ ಮಾಡುತ್ತೇವೆ, ಹೆಸರು ಕಳಿಸಿರಿ ಎಂದರು. ಅಳಿಯ ಯಾರನ್ನೂ ಕೇಳದೆ, ನೀಟಾಗಿ, ಹಿಸ್ಟರಿ ತೆಗೆದು ತೂಕದ ಭಾಗದಲ್ಲಿ ಯಾರ ಕೆಲಸ ಇದೆಯೋ ಅವರ ಹೆಸರನ್ನು, ಯಾರು ಏನು ಮಾಡಿದರೆಂಬುದರ ಜೊತೆ ಕಳಿಸಿದ. ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂತು. ಅದರಲ್ಲಿ ಇಬ್ಬರಿದ್ದರು. ಶ್ರೀಮತಿ ಅಕ್ಕಿಯ ಹೆಸರು. ಕುಮಾರಿ ಮುಂಡರಗಿಯ ಹೆಸರು. ತವರಿನ ಅಡ್ಡಹೆಸರು ನೋಡಿ ಸಂಘದವರೋ ಪ್ರೆಸ್ಸಿನವರೋ ನನಗೆ ಕುಮಾರಿ ಪಟ್ಟ ಕಟ್ಟಿದ್ದರು.

ಮಾಲಕರು ಪತ್ರಿಕೆ ಹಿಡಿದುಕೊಂಡು ನನ್ನ ಟೇಬಲ್ಲಿಗೆ ಬಂದರು.

"ಅಕ್ಕಾರ, ಈ ಕುಮಾರಿ ಯಾರ್ರಿ? ನಮ್ಮಲ್ಲೆ ಯಾವಾಗ ಇದ್ಲು ಈಕಿ?"

"ನಾನಽ ರೀ," ಎಂದೆ.

ಅವರು ನನ್ನನ್ನೂ ಪತ್ರಿಕೆಯನ್ನೂ ಸರತಿಯಂತೆ ನೋಡಿದರು. "ನೀವು ಕುಮಾರಿ?"

"ಹಿಂದಕ ಇದ್ದೆ."

ಎಲ್ಲ ಹೇಳಿದೆ. ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಿಂಕದಕಟ್ಟಿ ಝೂದಾಗ ಒಂದ ಚಿರತಿ ಇಟ್ಟು, ಎರಡು ಪಂಜರಕ್ಕ ಬೋರ್ಡು ಹಚ್ಚಿದಂಗ ಆತಲ್ರಿ!" ಎಂದರು. ನಾನೂ ನಕ್ಕೆ. ಚಿರತೆಗೆ ಹೋಲಿಸಿದ್ದು ಒಳಗೊಳಗೆ ಖುಷಿಯನ್ನೂ ಕೊಟ್ಟಿತು. ಆಮೇಲೆ ಅವರ ನಗೆ ನಿಂತಿತು. ಸಂಘದವರಿಗೆ ತಿಳಿದರೆ ಏನೆಂದುಕೊಂಡಾರು, ಒಬ್ಬರನ್ನು ಇಬ್ಬರೆಂದು ತೋರಿಸಿದರು ಅಂತ ನಾಲ್ಕೂ ಊರಿನ ಮಾರ್ಕೆಟ್ಟಿನಲ್ಲಿ ಮಾತಾದೀತು ಎಂದು ಅವರ ತಲೆ ಓಡತೊಡಗಿತು. ಚಿಂತೆ ನನ್ನೊಬ್ಬಳ ಸ್ವತ್ತಲ್ಲ ಎಂದು ಆಗ ಗೊತ್ತಾಯಿತು.

"ಒಂದ ಕೆಲಸ ಮಾಡೋಣ," ಎಂದರು. "ಆಕಿ ಮದುವಿ ಆಗಿ ಹೋದ್ಲು ಅಂತ ಹೇಳಿಬಿಡೋಣ. ಸುಳ್ಳೂ ಆಗೂದಿಲ್ಲ."

ಅಳಿಯ ತನ್ನ ಕುರ್ಚಿಯಿಂದಲೇ ಹೇಳಿದ, "ಮಾವಾರ, ಹಿಸ್ಟರಿಯಾಗ ಹಳೇ ಹೆಸರು ಹಂಗಽ ಉಳಿದ್ರ ಮುಂದ ಮತ್ತ ಯಾರರೆ ಕೇಳತಾರ. ಮೊದಲಿಂದ ಕಡೀತನಕ ಎಲ್ಲಾ ಕಡೆ ಹಳೇದು ತಗದು ಹೊಸಾದು ಹಾಕಿಬಿಡತೇನ್ರಿ. ನಾಕ ಸಾಲಿನ ಒಂದ ಸ್ಕ್ರಿಪ್ಟ್ ಬರದು ಓಡಿಸಿದ್ರ ಆತು. ಹಿಂದ ಆ ಹೆಸರು ಇತ್ತು ಅಂತ ಸೈತ ಯಾರಿಗೂ ತಿಳಿಯೂದಿಲ್ಲ."

ಖರೆ ಹೇಳುತ್ತೇನೆ, ಆ ಕಡೆಯ ಮಾತು ಕೇಳುವ ತನಕ ನನಗೆ ಇದೆಲ್ಲ ಒಂದು ತಮಾಷೆಯೇ ಆಗಿತ್ತು. ಯಾರಿಗೂ ತಿಳಿಯುವುದಿಲ್ಲ. ಒಂದು ಗುಂಡಿ ಒತ್ತಿದರೆ, ಮುಂಡರಗಿಯಾಕೆ ಒಂದು ಸಾಲನ್ನೂ ಬರೆಯಲಿಲ್ಲ ಎಂದಾಗುತ್ತದೆ. ಆ ಹೆಸರಿನವಳು ಶಾಲೆ ಓದಿದಳು, ಪಾಸಾದಳು, ಅಲ್ಲಿಗೆ ಮುಗಿದಳು. ದೊಡ್ಡವಳಾಗಿ ಈ ಲೋಕದಲ್ಲಿ ಆಕೆ ಏನಾದರೂ ಮಾಡಿದ್ದಾಳೆ ಎಂಬುದಕ್ಕೆ ಇದ್ದ ಜಾಗ ಅದೊಂದೇ.

ಮೊದಲು ನಾನು ಧೈರ್ಯ ಮಾಡಲಿಲ್ಲ, ನೆವ ತೆಗೆದೆ. ಹಿಸ್ಟರಿಯಲ್ಲಿ ಒಂದೊಂದು ಬದಲಾವಣೆಗೂ ಒಂದೊಂದು ಗುರುತಿನ ಸಂಖ್ಯೆ ಇರುತ್ತದೆ. ಹೆಸರು ಬದಲಿಸಿದರೆ ಆ ಸಂಖ್ಯೆಗಳೂ ಬದಲಾಗುತ್ತವೆ, ಬೇರೆ ಮಷೀನುಗಳಲ್ಲಿರುವ ನಕಲಿಗೂ ಇದಕ್ಕೂ ತಾಳೆ ತಪ್ಪುತ್ತದೆ. "ಭಾಳ ಗೊಂದಲ ಆಗತೈತ್ರಿ," ಎಂದೆ, ಮಾಲಕರು ಹೆದರಲಿ ಎಂದು.

ಅವರು ಹೆದರಿದರು. ಅಳಿಯ ಹೆದರಲಿಲ್ಲ. "ಏನೂ ಆಗೂದಿಲ್ರಿ. ಎಲ್ಲಾ ನಕಲು ನಮ್ಮ ಆಫೀಸಿನ್ಯಾಗಽ ಅದಾವು. ಅವನ್ನೂ ಬದಲಿ ಮಾಡಿದ್ರ ಮುಗೀತು."

ನೆವ ಮುಗಿಯಿತು. ಇನ್ನು ಉಳಿದದ್ದು ನಾನು.

"ಮಾಡಬ್ಯಾಡ್ರಿ," ಎಂದೆ.

"ಯಾಕ್ರಿ ಅಕ್ಕಾರ?"

"ನಾ ಒಲ್ಲೆ, ಅದಕ್ಕ."

ಮಾಲಕರಿಗೆ ಇದು ಕಾರಣ ಅನ್ನಿಸಲಿಲ್ಲ. "ಎರಡೂ ನೀವಽ ಅಲ್ಲೇನ್ರಿ? ಒಂದು ಹೋದ್ರ ಇನ್ನೊಂದು ಇರತೈತಿ. ನಿಮ್ಮಿಂದ ಏನೂ ಕಸಗೊಂಡಂಗ ಆಗೂದಿಲ್ಲ."

"ಎರಡೂ ನಾನಽ ಅಂದ ಮ್ಯಾಲೆ ಒಂದು ಯಾಕ ಹೋಗಬೇಕ್ರಿ?"

ಇಷ್ಟು ಹೇಳಿ ನೀರು ಕುಡಿಯಲು ಹೋದೆ. ಬಾಟಲಿಯ ಮುಚ್ಚಳ ಜಾರಿ ಟೇಬಲ್ಲಿನ ಕೆಳಗೆ ಉರುಳಿತು. ಅದನ್ನು ಹುಡುಕುವ ನೆವದಲ್ಲಿ ಸುಮಾರು ಹೊತ್ತು ಟೇಬಲ್ಲಿನ ಕೆಳಗೇ ಇದ್ದೆ. ಬಂಡಾಯ ಮಾಡುವವರು ಹೀಗೆ ಕಾಣುತ್ತಾರೆಂದು ನಾನು ಎಲ್ಲೂ ಓದಿರಲಿಲ್ಲ. ಮೇಲೆ ಮಾಲಕರು ಅಳಿಯನಿಗೆ ಹೇಳುತ್ತಿದ್ದುದು ಕೇಳಿಸಿತು: "ಸನ್ಮಾನ ಮುಗೀಲಿ. ಸೋಮವಾರ ನೋಡೋಣಂತ."

ಅಂದರೆ ಸೋಮವಾರ ಸ್ಕ್ರಿಪ್ಟ್ ಓಡುತ್ತದೆ. ನಾನು ಒಲ್ಲೆ ಅಂದದ್ದು ಅವರಿಗೆ ಕೇಳಿಸಿತ್ತು. ತೂಕಕ್ಕೆ ಬಂದಿರಲಿಲ್ಲ ಅಷ್ಟೆ.

ಮನೆಯಲ್ಲಿ ಮರುದಿನ ಬೆಳಿಗ್ಗೆ ಈ ಮಾತು ತೆಗೆದೆ. ನನ್ನ ಗಂಡ ಹೈಸ್ಕೂಲ್ ಮಾಸ್ತರರು, ಪೇಪರ್ ಓದುತ್ತಿದ್ದರು. ಅತ್ತೆ ಕಟ್ಟೆಯ ಮೇಲೆ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದರು.

"ಒಂದು ಹೆಸರು ಅಳಿಸಿದ್ರ ಏನಾಗತೈತಿ?" ಎಂದರು ಗಂಡ, ಪೇಪರಿನ ಹಿಂದಿನಿಂದ. "ಪಗಾರ ಅಂತೂ ಇನ್ನೊಂದು ಹೆಸರಿಗೆ ಬರತೈತಲ್ಲ."

"ನಾಳೆ ನಿಮ್ಮ ಶಾಲ್ಯಾಗ ಹಳೇ ಹಾಜರಿ ಪುಸ್ತಕ ತಗದು, ನೀವು ಕಲಿಸಿದ ಹತ್ತು ವರ್ಷಕ್ಕ ಬ್ಯಾರೆ ಮಾಸ್ತರ ಹೆಸರು ಬರದ್ರ?"

ಪೇಪರ್ ಸ್ವಲ್ಪ ಕೆಳಗಿಳಿಯಿತು.

ಅತ್ತೆಯ ಈಗಿನ ಹೆಸರೂ ಅವರ ಮದುವೆಯಲ್ಲಿ ಅಕ್ಕಿಯ ಮೇಲೆ ಬರೆಸಿದ್ದೇ. ಅವರ ತವರು ಶಿರಹಟ್ಟಿ. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದರೂ ಅವರ ಮೊದಲ ಹೆಸರೇನೆಂದು ನಾನು ಕೇಳಿರಲಿಲ್ಲ. ಅವತ್ತು ಕೇಳಿದೆ.

"ಅತ್ತಿ, ಮದುವಿಗಿಂತ ಮೊದಲ ನಿಮ್ಮ ಹೆಸರು ಏನಿತ್ತು?"

"ಇತ್ತು."

"ಏನಿತ್ತು ಅಂತ?"

"ನಿನಗ್ಯಾಕ ಬೇಕು?" ಬಳ್ಳೊಳ್ಳಿಯಿಂದ ತಲೆ ಎತ್ತಲಿಲ್ಲ. "ಈ ಮನ್ಯಾಗ ಒಬ್ಬರ ಬಾಯಾಗೂ ಅದು ಬರಧಂಗ ಇಟಗೊಂಡೇನಿ. ಅದು ನಂದು. ನೀ ಹೋಗಿ ನಿಂದು ಮಂದಿ ಕೈಯಾಗ ಕೊಟ್ಟಿ, ಅದಕ್ಕ ಈಗ ಮಂದಿ ಅಳಸಾಕ ಬಂದಾರ. ನಂದು ಯಾರು ಅಳಸತಾರ, ಅಳಸಲಿ ನೋಡೋಣು."

ಶಿರಹಟ್ಟಿಯ ಹೆಸರು ಅವರ ಜೊತೆ ಭದ್ರವಾಗಿತ್ತು, ಒಪ್ಪಿದೆ. ಆದರೆ ನನಗೆ ಬೇಕಾಗಿದ್ದದ್ದು ಬಚ್ಚಿಟ್ಟುಕೊಳ್ಳುವ ಹೆಸರಲ್ಲ, ದುಡಿಯುವ ಹೆಸರು. ನಾಲ್ಕು ಜನರ ನಡುವೆ, ಹಗಲು ಹೊತ್ತಿನಲ್ಲಿ, ಇಂಥದ್ದನ್ನು ಮಾಡಿದಾಕೆ ಈಕೆ ಎಂದು ಹೇಳಿಸಿಕೊಳ್ಳುವ ಹೆಸರು. ಅದನ್ನು ಮಂದಿಯ ಕೈಯಲ್ಲಿ ಕೊಡದೆ ಗತ್ಯಂತರವಿಲ್ಲ.

ಸನ್ಮಾನ ರವಿವಾರ ಇತ್ತು. ಮಾಲಕರು, ಅಳಿಯ ಕಾರಿನಲ್ಲಿ ಮುಂದೆ ಹೋದರು. ನಾನು, ನನ್ನ ಗಂಡ ಸೊರಟೂರ, ಶಿರಹಟ್ಟಿ ಮೇಲೆ ಹಾಯ್ದು ಹೋಗುವ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ನಾನು ಏನೇನು ಕೆಡಬಹುದೆಂದು ಲೆಕ್ಕ ಹಾಕಿದೆ. ಕೆಲಸ ಹೋಗಬಹುದು. ಮಾಲಕರು ಮಾತು ಬಿಡಬಹುದು. ಮೈಕಿನ ಮುಂದೆ ನನಗೆ ಬಿಕ್ಕಳಿಕೆ ಹತ್ತಬಹುದು. ಸೀರೆಯ ನೆರಿಗೆ ಬಿಚ್ಚಬಹುದು. ಕಡೆಯದಕ್ಕೆ ಮಾತ್ರ ಉಪಾಯ ಇತ್ತು. ಪಿನ್ನು ಸಾಕಷ್ಟು ಚುಚ್ಚಿಕೊಂಡಿದ್ದೆ.

ಮಾರ್ಕೆಟ್ ಯಾರ್ಡಿನ ಹರಾಜು ಕಟ್ಟೆಯ ಮೇಲೆ ವೇದಿಕೆ. ಮೆಣಸಿನಕಾಯಿಯ ಘಾಟು ಇನ್ನೂ ಅಲ್ಲೇ ಇತ್ತು, ಬಂದವರೆಲ್ಲ ಸೀನುತ್ತಿದ್ದರು. ವೇದಿಕೆಯ ಮೇಲೆ ಸನ್ಮಾನಿತರಿಗೆ ಎರಡು ಕುರ್ಚಿ ಹಾಕಿದ್ದರು, ಒಂದೊಂದರ ಬೆನ್ನಿಗೂ ಹೆಸರಿನ ಚೀಟಿ ಅಂಟಿಸಿತ್ತು. ನಾನು ಶ್ರೀಮತಿಯಲ್ಲಿ ಕೂತೆ. ಪಕ್ಕದ ಕುಮಾರಿ ಖಾಲಿ ಇದ್ದಳು. ಮುಂದಿನ ಟೇಬಲ್ಲಿನ ಮೇಲೆ ಎರಡು ತಟ್ಟೆ, ಎರಡು ಶಾಲು, ಎರಡು ತೆಂಗಿನಕಾಯಿ, ಎರಡು ಪಾಲು ಹಣ್ಣು.

ಮೊದಲು ಅಕ್ಕಿಯ ಹೆಸರನ್ನು ಕರೆದರು. ಶಾಲು ಹೊದಿಸಿದರು, ಉಡಿಯಲ್ಲಿ ಹಣ್ಣು ಕಾಯಿ ಹಾಕಿದರು, ಫೋಟೋ ತೆಗೆದರು. ಆಮೇಲೆ ಸಂಘದ ಅಧ್ಯಕ್ಷರು, ಮೈಕ್ ಬೇಕಿಲ್ಲದಂಥ ದನಿಯವರು, ಮೈಕಿನಲ್ಲೇ ಕೇಳಿದರು: "ಇನ್ನೊಬ್ಬ ತಾಯಿ ಬಂದಿಲ್ಲೇನ್ರಿ? ಕರೆಂಟ್ ಹೋದ್ರೂ ತೂಕ ಹೋಗಧಂಗ ಮಾಡಿದಾಕಿ ಆಕೀನಽ ಅಂತಲ್ರಿ? ನಮಗ ಬೇಕಾದಾಕಿ ಆಕಿ!"

ಮಾಲಕರು ಎದ್ದರು. "ಅವರು ಮದುವಿ ಆಗಿ ಹೋದ್ರು ರೀ," ಎಂದರು. ಕೆಳಗೆ ಕೂತವರು "ಛೇ ಛೇ" ಅಂದರು, ನಾನು ಸತ್ತೇಹೋದೆ ಎಂಬಂತೆ.

ಈಗ ಹೊಸ ಪೇಚಾಟ ಬಂತು. ಒಬ್ಬರ ಹೆಸರಿನಲ್ಲಿ ತಟ್ಟೆಗೆ ಇಟ್ಟ ಶಾಲು, ಕಾಯಿಯನ್ನು ನಮ್ಮಲ್ಲಿ ತಿರುಗಿ ಒಳಗೆ ಒಯ್ಯುವುದಿಲ್ಲ, ಅದು ಒಳ್ಳೆಯದಲ್ಲ. ಅವರ ಕಡೆಯವರು ಯಾರಾದರೂ ತೆಗೆದುಕೊಳ್ಳಬೇಕು. "ಅವರ ಪೈಕಿ ಯಾರರೆ ಅದಾರೇನ್ರಿ?" ಎಂದು ಅಧ್ಯಕ್ಷರು ಸಭೆಯನ್ನೇ ಕೇಳಿದರು. ಮುಂಡರಗಿಯಿಂದ ಬಂದ ದಲಾಲರೊಬ್ಬರು ಎದ್ದು, ಅಡ್ಡಹೆಸರು ನಮ್ಮೂರಿನದೇ ಆದರೂ ಹುಡುಗಿ ಗೊತ್ತಿಲ್ಲ ಎಂದು ಕೂತರು.

ಮಾಲಕರು ನನ್ನ ಕುರ್ಚಿಯ ಹಿಂದೆ ಬಂದು ಬಾಗಿದರು. "ಅಕ್ಕಾರ, ಆಕಿ ಪರವಾಗಿ ನೀವಽ ತಗೊಂಡುಬಿಡ್ರಿ. ಗೆಳತಿ ಅಂತ ಹೇಳ್ರಿ. ಸುಸೂತ್ರ ಮುಗೀತೈತಿ."

ಬಹಳ ಸರಳ ದಾರಿ. ಶಾಲು ನನಗೇ ಬರುತ್ತದೆ, ಹಣ್ಣೂ ನನಗೇ ಬರುತ್ತದೆ, ಯಾರ ಮುಖವೂ ಬಾಡುವುದಿಲ್ಲ. ಎದ್ದೆ. ನನ್ನ ಗೆಳತಿಯ ಪರವಾಗಿ ಎಂದು ಬಾಯಿಯ ತನಕ ಬಂತು. ಅಲ್ಲೇ ನನಗೆ ಸಿಟ್ಟು ಬಂತು. ಮಾಲಕರ ಮೇಲಲ್ಲ. ಇನ್ನೇನು ಅದನ್ನು ಹೇಳಲಿದ್ದ ನನ್ನ ಬಾಯಿಯ ಮೇಲೆ.

ಮೈಕ್ ಹಿಡಿದೆ. "ಆಕಿ ಎಲ್ಲೂ ಹೋಗಿಲ್ರಿ," ಎಂದೆ. "ಆಕಿ ನಾನಽ. ಮುಂಡರಗ್ಯಾಗ ನನ್ನ ಹೆಸರು ಅದಽ ಇತ್ತು. ಮದುವ್ಯಾಗ ಅಕ್ಕಿ ಮ್ಯಾಲೆ ಬ್ಯಾರೆ ಹೆಸರು ಬರದ್ರು. ತೂಕದ ಕೆಲಸಾ ಮಾಡಿದ್ದು ಮೊದಲಿನ ಹೆಸರಿಲೆ. ಯಾರ ಪರವಾಗಿನೂ ನಾ ಇದನ್ನ ತಗೊಳ್ಳೂದಿಲ್ಲ. ನಂದು ಅಂತ ಕೊಟ್ರ ತಗೋತೇನಿ. ಇಲ್ಲಾಂದ್ರ ಶಾಲು ಅಲ್ಲೇ ಇರಲಿ."

ಸಭೆ ಒಂದು ಗಳಿಗೆ ಸೀನುವುದನ್ನೂ ಮರೆಯಿತು. ಬಿಕ್ಕಳಿಕೆ ಈಗ ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಕೂಗಿದರು, "ಲೇ, ಒಬ್ಬಾಕೀಗೆ ಎರಡು ಶಾಲು ಹೆಂಗ ಹೊದಸ್ತೀರೋ?"

ಅಧ್ಯಕ್ಷರು ವ್ಯಾಪಾರಸ್ಥರು, ಇಂಥದ್ದಕ್ಕೆಲ್ಲ ಅವರಲ್ಲಿ ತೀರ್ಪು ತಯಾರಿರುತ್ತದೆ. "ಎರಡು ಹೆಸರಿಲೆ ಕೆಲಸಾ ಮಾಡ್ಯಾರ, ಎರಡು ಶಾಲು ಹೊದಸೋದು," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಆದ್ರ ತಾಯಿ, ಈ ಕುರ್ಚಿಯಿಂದ ಏಳ್ರಿ. ಆ ಕುರ್ಚಿ ಮ್ಯಾಲೆ ಕುಂಡ್ರಿ. ಚೀಟಿ ಹಚ್ಚೇವಿ, ಫೋಟೋದಾಗ ಸರಿ ಕಾಣಬೇಕು."

ಹೆಗಲ ಮೇಲೆ ಒಂದು ಶಾಲು ಇದ್ದಂತೆಯೇ ಪಕ್ಕದ ಕುರ್ಚಿಗೆ ಹೋಗಿ ಕೂತೆ. ನನ್ನ ಮುಂಡರಗಿಯ ಹೆಸರನ್ನು ಅವರು ಕರೆದರು, ಆ ದನಿಯಲ್ಲಿ, ಮೈಕಿನಲ್ಲಿ, ಇಡೀ ಯಾರ್ಡಿಗೆ ಕೇಳುವಂತೆ. ಕ್ಲಾಸಿನ ಹಾಜರಿ ಬಿಟ್ಟರೆ, ಅವ್ವ ಹೋದ ಮೇಲೆ ಅದನ್ನು ಯಾರೂ ಗಟ್ಟಿಯಾಗಿ ಅಂದಿರಲಿಲ್ಲ. ಎರಡನೆಯ ಶಾಲು ಹೊದಿಸುವಾಗ ಸೆಕೆಗೆ ಬೆವರು ಇಳಿಯುತ್ತಿತ್ತು, ಕಣ್ಣಲ್ಲೂ ನೀರಿತ್ತು. ಮೆಣಸಿನಕಾಯಿ ಯಾರ್ಡಿನಲ್ಲಿ ಯಾರೂ ಅದರ ಕಾರಣ ಕೇಳುವುದಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ಗಂಡ ನನ್ನ ಪಕ್ಕ ಕೂತಿದ್ದರು. ಅವರ ತೊಡೆಯ ಮೇಲೆ ಎರಡು ತೆಂಗಿನಕಾಯಿ ಇದ್ದವು. ಶಿರಹಟ್ಟಿ ದಾಟಿದ ಮೇಲೆ ಹೇಳಿದರು, "ಅಕ್ಕಿ ಮ್ಯಾಲೆ ಬರದಾಂವ ನಾನಽ ಅಲ್ಲ? ಮಂದಿ ಮುಂದ ಹಂಗ ಅಂದಿ."

"ಸಿಟ್ಟು ಬಂತೇನು?"

"ಸ್ವಲ್ಪ ಬಂತು." ಕಿಟಕಿಯ ಹೊರಗೆ ನೋಡಿದರು. "ಉಂಗುರಾ ಕೈಯಾಗ ಕೊಟ್ಟು ಬರಿ ಅಂದ್ರು, ಬರದೆ. ನಿನ್ನ ಕೇಳಬೇಕು ಅಂತ ಆಗ ಹೊಳೀಲಿಲ್ಲ."

"ಈಗ ಹೊಳೀತಲ್ಲ," ಎಂದೆ. ಮುಂದೆ ಮಾತು ಬೆಳೆಸಲಿಲ್ಲ. ಅವರಿಗೂ ತೆಂಗಿನಕಾಯಿ ಹಿಡಿದುಕೊಳ್ಳುವ ಕೆಲಸ ಇತ್ತು.

ಸೋಮವಾರ ಆಫೀಸಿನ ಮೆಟ್ಟಿಲು ಹತ್ತುತ್ತ ಏನೇನು ಕೆಟ್ಟಿರಬಹುದೆಂದು ಮತ್ತೆ ಲೆಕ್ಕ ಹಾಕಿದೆ. ಸ್ಕ್ರಿಪ್ಟ್ ಆಗಲೇ ಓಡಿರಬಹುದು, ನನ್ನ ಕುರ್ಚಿಯ ಮೇಲೆ ಬೇರೆ ಯಾರೋ ಇರಬಹುದು. ಕುರ್ಚಿ ಖಾಲಿಯೇ ಇತ್ತು. ಮಾಲಕರು ಫೋನಿನಲ್ಲಿದ್ದರು. ಆ ಕಡೆಯಿಂದ ಬರುತ್ತಿದ್ದ ಅಧ್ಯಕ್ಷರ ದನಿ ನನಗೂ ಕೇಳಿಸುತ್ತಿತ್ತು. ಪ್ರೋಗ್ರಾಮ್ ಶುರುವಾಗುವಾಗ ಬರುವ ಮೊದಲ ಪುಟದ ಮೇಲೆ ಆ ಮುಂಡರಗಿ ತಾಯಿಯ ಹೆಸರು ಬರಬೇಕಂತೆ. ಅವರ ಮಂದಿ ಕೇಳಾಕತ್ತಾರಂತೆ.

ಫೋನ್ ಇಟ್ಟು ಮಾಲಕರು ಅಳಿಯನನ್ನು ನೋಡಿದರು. ಅಳಿಯ ನನ್ನನ್ನು ನೋಡಿದ. ನಾಲ್ಕು ಊರಿನ ಮಾರ್ಕೆಟ್ಟಿಗೆ ಗೊತ್ತಾದ ಹೆಸರನ್ನು ಹಿಸ್ಟರಿಯಿಂದ ಅಳಿಸಲು ಇನ್ನು ಯಾವ ಸ್ಕ್ರಿಪ್ಟಿನಿಂದಲೂ ಆಗುವಂತಿರಲಿಲ್ಲ.

"ಹಿಸ್ಟರಿ ಮುಟ್ಟೂದು ಬ್ಯಾಡ್ರಿ ಮಾವಾರ," ಎಂದ ಅಳಿಯ. ಅವನು ಕೆಟ್ಟವನಲ್ಲ, ನೀಟು ಅಷ್ಟೆ. "ಒಂದು ಸಣ್ಣ ಫೈಲ್ ಇಡತೇನಿ. ಈ ಎರಡೂ ಹೆಸರು ಒಬ್ಬರದಽ ಅಂತ ಅದರಾಗ ಬರಿಯೂದು. ಹಳೇದು ಹಂಗಽ ಇರತೈತಿ, ಪಟ್ಟಿ ತೋರಸುವಾಗ ಮಾತ್ರ ಎರಡೂ ಕೂಡಿ ಒಂದ ಹೆಸರಿಲೆ ತೋರಸತೈತಿ."

ಇಂಥ ಸೌಕರ್ಯ ಇದೆಯೆಂದು ನನಗೂ ಗೊತ್ತಿತ್ತು. ಯಾವ ಹೆಸರು ತೋರಿಸಬೇಕು ಎಂಬುದೊಂದೇ ಅದಕ್ಕೆ ಹೇಳಬೇಕು. ಅಳಿಯ ಫೈಲ್ ತಯಾರಿಸಿ ನನ್ನ ಪರದೆಗೆ ಕಳಿಸಿದ. ಆಧಾರಿನಲ್ಲಿ ಇರುವುದು ಅದೇ ಎಂದು ಅಕ್ಕಿಯ ಹೆಸರನ್ನು ಮುಂದೆ ಇಟ್ಟಿದ್ದ.

ನಾನು ಅದನ್ನು ಅಳಿಸಿ ಮುಂಡರಗಿಯ ಹೆಸರನ್ನು ಮುಂದೆ ಇಟ್ಟೆ. ಅಕ್ಕಿಯ ಹೆಸರು ಅದರ ಹಿಂದೆ ಹೋಗಿ ನಿಂತಿತು. ಪಟ್ಟಿ ತೆಗೆದರೆ ಮೊದಲ ದಿನದ್ದೂ ನಿನ್ನೆಯದೂ ನನ್ನ ಕೆಲಸವೆಲ್ಲ ಒಂದೇ ಸಾಲಿನಲ್ಲಿ, ಒಬ್ಬಾಕೆಯದಾಗಿ ಬಂತು. ನನ್ನ ಮಷೀನಿನ ಮೇಲೂ ಅದೇ ಹೆಸರನ್ನು ತಿರುಗಿ ತುಂಬಿದೆ. ಪಗಾರದ ಪಟ್ಟಿಯಲ್ಲಿ ಇನ್ನೊಂದು ಇರಲಿ, ಬ್ಯಾಂಕಿನವರ ಜೊತೆ ಜಗಳ ಮಾಡುವಷ್ಟು ಹುರುಪು ನನ್ನಲ್ಲಿಲ್ಲ.

ಮಾಲಕರು ಬಂದು ಪರದೆ ನೋಡಿದರು. ಗದ್ದ ಕೆರೆದುಕೊಂಡರು. "ಇನ್ನ ಮ್ಯಾಲೆ ನಿಮ್ಮನ್ನ ಏನಂತ ಕರೀಬೇಕ್ರಿ ಅಕ್ಕಾರ?"

"ಚಾಕ್ಕ ಕರಿಯೂದಿದ್ರ ಅಕ್ಕಾರ ಅನ್ರಿ, ನಡೀತೈತಿ," ಎಂದೆ. "ಕೆಲಸಕ್ಕ ಕರಿಯೂದಿದ್ರ ಇಲ್ಲಿ ಏನ್ ಬರದೈತಿ, ಅದಽ."

ಅವರು ಆ ಹೆಸರನ್ನು ಬಾಯೊಳಗೇ ಒಂದು ಸಲ ಅಂದು ನೋಡಿದರು. ಅಷ್ಟರಲ್ಲಿ ಮತ್ತೆ ಫೋನ್ ಬಂತು. ಶಿರಹಟ್ಟಿಯ ಅಂಗಡಿಯೊಂದರಲ್ಲಿ ಚೀಟಿ ಹೊರಗೆ ಬರುತ್ತಿಲ್ಲವಂತೆ, ಕಾಟಾದ ಮುಂದೆ ಮಂದಿ ನಿಂತಿದ್ದಾರಂತೆ. ಮಾಲಕರು ಒಳಗಿನ ಖೋಲಿಯಿಂದ ಗಟ್ಟಿಯಾಗಿ ಕರೆದರು. ಸಿಟ್ಟಿನಲ್ಲೇ ಕರೆದರು. ಆದರೆ ಸರಿಯಾಗಿ ಕರೆದರು.

"ಓ," ಎಂದೆ, ಎದ್ದೆ.